ಎಲೆಬಳ್ಳಿಗೊಂದು ಕಾಚಿನ ಖೋಲಿ

ಗಾಜಿನ ಮೇಲಿನ ಹಸಿರು ಬಣ್ಣ ಕೆರೆಯುವುದರಲ್ಲೇ ಇಡೀ ದೀಪಾವಳಿ ಸೂಟಿ ಮುಗಿದುಹೋಯಿತು. ಥಿನ್ನರ್ ಹಚ್ಚಿದೆ, ಬ್ಲೇಡಿನಿಂದ ಕೆರೆದೆ, ಬಿಸಿನೀರಿಗೆ ಸೋಡಾ ಹಾಕಿ ತಿಕ್ಕಿದೆ. ಹಸಿರು ಹೋದರೆ ಕೆಳಗೆ ನೀಲಿ. ನೀಲಿ ಹೋದರೆ ಅದರ ಕೆಳಗೆ ಯಾವ ಕಾಲದಲ್ಲೋ ಗಂಜಿ ಹಚ್ಚಿ ಅಂಟಿಸಿದ ಪೇಪರು. ಆ ಮನೆಯಲ್ಲಿದ್ದ ಒಬ್ಬರಿಗೂ ಕಿಟಕಿಯಿಂದ ಬೆಳಕು ಬರುವುದು ಬೇಕಿರಲಿಲ್ಲವೇ ಎಂದು ಸಿಟ್ಟು ಬಂತು. ಆ ಮನೆಯವರಲ್ಲಿ ನಾನೂ ಒಬ್ಬಳು ಎಂಬುದು ಆಗ ಹೊಳೆಯಲಿಲ್ಲ.

ಕಿಟಕಿಗಳು ಜೇವರ್ಗಿಯ ನಮ್ಮ ತವರುಮನೆಯವು. ನನ್ನ ತಮ್ಮ ಆ ಹಳೆಯ ಮನೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಲು ಹೊರಟಿದ್ದ. ಅದರ ಬಗ್ಗೆ ನನಗೇನೂ ತಕರಾರಿರಲಿಲ್ಲ. ಮಾಳಿಗೆಯ ಮಣ್ಣು ಉದುರಿ ಅನ್ನದ ತಟ್ಟೆಗೆ ಬೀಳುವ ಮನೆಯಲ್ಲಿ ಅವನ ಹೆಂಡತಿ ಇಷ್ಟು ವರ್ಷ ಸಂಸಾರ ಮಾಡಿದ್ದೇ ದೊಡ್ಡದು. ನನಗೆ ಬೇಕಾಗಿದ್ದದ್ದು ಹಿತ್ತಲಿನ ಎಲೆಬಳ್ಳಿ, ವೀಳ್ಯದೆಲೆಯದು. ಬಚ್ಚಲಮನೆಯ ಗೋಡೆಗೆ ಅವ್ವ ಹಬ್ಬಿಸಿದ್ದ ಬಳ್ಳಿ. ಅವ್ವ ತೀರಿಹೋದ ಮೇಲೂ ಅದು ಯಾರ ಆರೈಕೆಯೂ ಇಲ್ಲದೆ ಬಚ್ಚಲ ನೀರು ಕುಡಿದುಕೊಂಡು ಬದುಕಿತ್ತು. ಎಲೆ ಸಣ್ಣದು, ತೆಳ್ಳಗೆ, ಬಾಯಿಗೆ ಹಾಕಿದರೆ ಮೊದಲು ಖಾರ, ಆಮೇಲೆ ತಂಪು. ಹಾಗೆಂದು ನನಗೆ ನೆನಪು. ಕರಜಗಿಯಲ್ಲಿರುವ ಅಕ್ಕ ತನ್ನ ಹೊಲದ ಬದಿಗೆ ಎರಡು ಸಲ ಹಚ್ಚಿ ನೋಡಿದ್ದಳು. ಒಮ್ಮೆ ಆಡು ಮೇದವು, ಒಮ್ಮೆ ಕಬ್ಬಿನ ಗಾಡಿ ಹಾಯಿತು. ಅಂದರೆ ಜೇಸಿಬಿ ಆ ಹಿತ್ತಲಿಗೆ ಇಳಿದ ದಿನ ಅವ್ವನ ಬಳ್ಳಿ ಈ ಭೂಮಿಯ ಮೇಲೆ ಇನ್ನೆಲ್ಲೂ ಇರುವುದಿಲ್ಲ.

"ಕೇಳಬ್ಯಾಡ ಬೇ, ಸುಮ್ನ ಕದ್ದು ತಂದುಬಿಡು," ಎಂದು ಅಕ್ಕ ಫೋನಿನಲ್ಲಿ ಹೇಳಿದಳು. "ಎಲಿಬಳ್ಳಿ ಕೇಳಿ ಒಯ್ದ್ರ ಬೇರು ಹಿಡಿಯಂಗಿಲ್ಲ."

ನಮ್ಮ ಕಡೆ ಹೆಂಗಸರು ಇದನ್ನು ಬಹಳ ಗಂಭೀರವಾಗಿ ನಂಬುತ್ತಾರೆ. ಒಬ್ಬರ ಹಿತ್ತಲಿನ ಬಳ್ಳಿ ಇನ್ನೊಬ್ಬರ ಹಿತ್ತಲಿಗೆ ಹೋಗುವುದು ಹೀಗೆಯೇ: ಮನೆಯಾಕೆ ಒಳಗೆ ಚಹಾ ಮಾಡುವಾಗ ಬಂದಾಕೆ ಒಂದು ತುಂಡು ಚಿವುಟಿ ಸೆರಗಿನಲ್ಲಿ ಕಟ್ಟಿಕೊಳ್ಳಬೇಕು. ಚಿವುಟಿದ್ದು ಮನೆಯಾಕೆಗೆ ಗೊತ್ತಾಗುತ್ತದೆ. ಗೊತ್ತಾಗದಂತೆ ಇರುವುದು ಅವಳ ಕೆಲಸ. ನಾನು ಕಲಬುರಗಿಯ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ, ಕಾಲೇಜಿನಲ್ಲಿ ಅದನ್ನೇ ಕಲಿಸುವವಳು. ನನ್ನ ಸ್ವಂತ ತಮ್ಮನ ಮನೆಯಲ್ಲಿ ಕಳ್ಳತನ ಮಾಡಲೇ? ಫೋನ್ ಹಚ್ಚಿ ಬಳ್ಳಿಯನ್ನೂ ಹಳೆಯ ಕಿಟಕಿಗಳನ್ನೂ ಕೇಳಿದೆ. ಅವನೇ ಕೊಯ್ದು, ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಕಿಟಕಿಗಳ ಜೊತೆ ಟೆಂಪೋದಲ್ಲಿ ನಾನಿರುವ ಆಳಂದಕ್ಕೆ ಕಳಿಸಿಕೊಟ್ಟ.

ಗಾಜಿನ ಮನೆಯ ಹುಚ್ಚು ಎಲ್ಲಿಂದ ಹತ್ತಿತು ಎಂದು ಈಗ ಕೇಳಿಕೊಂಡರೆ ಎರಡು ಉತ್ತರಗಳಿವೆ. ಒಂದು, ಮೊಬೈಲಿನಲ್ಲಿ ನೋಡಿದ ವಿಡಿಯೋ: ಯಾವುದೋ ಚಳಿದೇಶದ ಹೆಂಗಸೊಬ್ಬಳು ಮುರಿದ ಮನೆಗಳ ಕಿಟಕಿಗಳನ್ನು ಕೂಡಿಸಿ ಹಿತ್ತಲಲ್ಲಿ ಹಸಿರುಮನೆ ಕಟ್ಟಿ, ಒಳಗೆ ಕುಳಿತು ಚಹಾ ಕುಡಿಯುತ್ತಿದ್ದಳು. ಇನ್ನೊಂದು, ಇದಕ್ಕಿಂತ ಗಟ್ಟಿಯಾದದ್ದು, ನನ್ನ ನೆನಪು. ನಾನು ಸಣ್ಣವಳು. ಬಚ್ಚಲಲ್ಲಿ ಕುಳಿತಿದ್ದೇನೆ. ಸುತ್ತ ಹಬೆ. ಮೇಲೆ ಗಾಜಿನ ಕಿಟಕಿ, ಅದರಿಂದ ಇಳಿಯುವ ಹಸಿರು ಬೆಳಕು, ಆ ಬೆಳಕಿನಲ್ಲಿ ಎಲೆಗಳು. ಅವ್ವನ ಬಳ್ಳಿ ಗಾಜಿನ ಹಿಂದೆ, ಹಬೆಯಲ್ಲಿ ಬೆಳೆಯಿತು. ಹಾಗಿದ್ದ ಮೇಲೆ ಆಳಂದದ ಒಣ ಗಾಳಿಯಲ್ಲಿ ಅದಕ್ಕೆ ಬೇಕಾದದ್ದು ಗಾಜು ಮತ್ತು ಹಬೆ. ಲೆಕ್ಕ ಸರಿಯಾಗಿಯೇ ಇತ್ತು. ದಿನಚರಿಯಲ್ಲೂ ಹಾಗೆಯೇ ಬರೆದಿದ್ದೇನೆ, ಅನುಮಾನದ ಒಂದು ಪದವೂ ಇಲ್ಲದೆ. ಊರವರ ಬಾಯಿಮಾತಿಗೆ ಇನ್ನೊಂದು ಸಾಕ್ಷಿ ಬೇಕು ಎಂದು ಓದಿದವಳು, ನನ್ನದೇ ನೆನಪಿಗೆ ಒಂದು ಸಾಕ್ಷಿಯನ್ನೂ ಕೇಳಲಿಲ್ಲ.

ಟೆಂಪೋ ಬಂದು ಕಿಟಕಿಗಳು ಅಂಗಳಕ್ಕಿಳಿದಾಗ ಮೊದಲ ನಿರಾಸೆ. ಹೆಚ್ಚಿನವಕ್ಕೆ ಗಾಜೇ ಇರಲಿಲ್ಲ. ದಪ್ಪ ಹಲಗೆಯ ಕದ, ಹೆಬ್ಬೆರಳಿನಷ್ಟು ದಪ್ಪದ ಕಬ್ಬಿಣದ ಸಲಾಕಿ. ನಮ್ಮ ಸೀಮೆಯಲ್ಲಿ ಕಿಟಕಿ ಇಡುವುದು ಬಿಸಿಲನ್ನು ಹೊರಗೆ ನಿಲ್ಲಿಸಲು. ಚೈತ್ರ ಬಂತೆಂದರೆ ಮುಂಜಾನೆಯೇ ಕದ ಮುಚ್ಚಿ ಕತ್ತಲಲ್ಲಿ ಕೂರುವ ಜನ ನಾವು. ಇದು ನನಗೆ ಗೊತ್ತಿಲ್ಲದ ಸಂಗತಿಯೇ? ಅದೇ ಕತ್ತಲಲ್ಲಿ ಬೆಳೆದಿದ್ದೇನೆ. ಆದರೂ ವಿಡಿಯೋ ನೋಡುವಾಗ ನಮ್ಮ ಮನೆಯ ಕಿಟಕಿಗಳಿಗೆಲ್ಲ ನನ್ನ ಮನಸ್ಸೇ ಗಾಜು ಕೂಡಿಸಿಬಿಟ್ಟಿತ್ತು. ಪಡಸಾಲೆಯವು, ಅಡಿಗೆಮನೆಯದು, ಬಚ್ಚಲದ್ದು, ಇಷ್ಟಕ್ಕೇ ಗಾಜು. ಅವಕ್ಕೂ ಆ ಹಸಿರು ಬಣ್ಣ. ಉಳಿದವಕ್ಕೆ ಹಲಗೆ ಕೀಳಿಸಿ ಹೊಸ ಗಾಜು ಹಾಕಿಸಬೇಕಾಯಿತು. ಹಳೆಯ ಕಿಟಕಿಯ ಮನೆ ಎಂದು ಹೊರಟದ್ದು ಅರ್ಧ ಅಲ್ಲಿಗೇ ಸುಳ್ಳಾಯಿತು.

ಕೆಲಸಕ್ಕೆ ಬಂದ ಬಡಿಗ ನಮ್ಮ ಓಣಿಯವನೇ, ಬಾಯಿ ಬಿಟ್ಟರೆ ಚೇಷ್ಟೆ. ಕಿಟಕಿಗಳನ್ನು ಒಂದರ ಮೇಲೊಂದು ನಿಲ್ಲಿಸಿ ನೋಡಿದ. ನಮ್ಮ ಕಡೆ ಗಾಜಿಗೆ ಕಾಚು ಎನ್ನುತ್ತಾರೆ, ಕೋಣೆಗೆ ಖೋಲಿ.

"ಈ ಕಾಚಿನ ಖೋಲ್ಯಾಗ ಯಾರ್ ಇರೋರ್ರಿ ಮೇಡಮ್?"

"ಎಲೆಬಳ್ಳಿ."

"ಹಂಗಾದ್ರ ಸಲಾಕಿ ಯಾಕ್ರಿ? ಓಡಿ ಹೋಗ್ತದೇನು?"

ನನ್ನ ಗಂಡ ನರೋಣಾದ ಶಾಲೆಯಿಂದ ಬಸ್ಸಿಳಿದು ಬಂದವರು ಅಂಗಳದಲ್ಲೇ ನಿಂತು ನಕ್ಕರು. "ನಮಗ ಮನಿ ಕಟ್ಟಾಗ ಇಷ್ಟು ಕಿಡಕಿ ಇಟ್ಟಿದ್ದಿಲ್ಲ. ಬಳ್ಳಿ ಪುಣ್ಯ ಮಾಡ್ಯದ."

ಬಡಿಗ ಒಂದು ಮಾತು ಗಂಭೀರವಾಗಿ ಹೇಳಿದ, ಪಾಯ ತೋಡಿಸಿರಿ ಎಂದು. ನಮ್ಮದು ಎರೆ ಮಣ್ಣು. ಮಳೆಗಾಲಕ್ಕೆ ಉಬ್ಬುತ್ತದೆ, ಚಳಿಗಾಲಕ್ಕೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಇಲ್ಲಿ ಹುಟ್ಟಿದ ಯಾವ ಮಗುವಿಗೂ ಗೊತ್ತಿರುವ ವಿಷಯ. ನನಗೆ ಅವಸರ. ಬಕೆಟ್ಟಿನಲ್ಲಿ ನಿಂತ ಬಳ್ಳಿಯ ತುಂಡುಗಳು ದಿನಾ ಬಾಡುತ್ತಿದ್ದವು. ಗಾಜಿನ ಪೆಟ್ಟಿಗೆ, ಭಾರವೇನಿದೆ ಎಂದುಕೊಂಡು ನೆಲದ ಮೇಲೆ ಶಹಾಬಾದಿನ ಫರಸಿ ಕಲ್ಲು ಹಾಸಿಸಿ ಅದರ ಮೇಲೆಯೇ ಚೌಕಟ್ಟು ನಿಲ್ಲಿಸಿಬಿಟ್ಟೆ. ಆ ಬಕೆಟ್ಟಿನಿಂದ ಒಂದು ತುಂಡು ಕಡಿಮೆಯಾದಂತೆ ಒಂದು ದಿನ ಅನಿಸಿತ್ತು. ಎಣಿಸಿಟ್ಟಿರಲಿಲ್ಲ. ಬೆಕ್ಕು ಎಳೆದಿರಬೇಕು ಎಂದು ಗೋಡೆಯಾಚೆಯ ಆಪಾಗೂ ಹೇಳಿದ್ದೆ. ಆಪಾ ನಮ್ಮ ನೆರೆಮನೆಯವರು, ನನಗಿಂತ ಹಿರಿಯರು, ಓಣಿಗೆಲ್ಲ ಆಪಾ. "ಹೌದ್ ಬೆಹನ್, ಬೆಕ್ಕು ಭಾಳ ಆಗ್ಯಾವ," ಎಂದಿದ್ದರು.

ಬಣ್ಣ ಕೆರೆಯುತ್ತ ಕೆರೆಯುತ್ತ ಕೊನೆಗೆ ಬಚ್ಚಲಮನೆಯ ಕಿಟಕಿ ಉಳಿಯಿತು. ಅದರ ಒಂದು ಗಾಜಿನ ಮೂಲೆಯಲ್ಲಿ, ಹಸಿರು ಬಣ್ಣದಲ್ಲಿ, ಕಡಲೆಕಾಳಿನಷ್ಟು ಒಂದು ತೂತು. ಯಾರೋ ಹೇರ್‌ಪಿನ್ನಿನಿಂದ ಗುಂಡಗೆ ಕೆರೆದದ್ದು. ನೋಡಿದ ಕೂಡಲೇ ನನ್ನ ಬೆರಳಿಗೆ ಆ ಪಿನ್ನು ನೆನಪಾಯಿತು. ನಾನೇ ಕೆರೆದದ್ದು; ತೂತಿನಿಂದ ಹಿತ್ತಲು ನೋಡುತ್ತಿದ್ದೆ; ಅವ್ವ ಬೈದಿದ್ದಳು. ಕುಣಿಯುತ್ತ ಅಕ್ಕನಿಗೆ ಫೋನು ಮಾಡಿದೆ.

"ಏ ಹುಚ್ಚಿ, ಅದು ನಾ ಕೆರದದ್ದು," ಎಂದಳು ಅಕ್ಕ. "ನಿಂಗ ಆ ಕಿಡಕಿ ನಿಲುಕ್ತಿತ್ತೇನು? ಬೈಗಳ ತಿಂದಾಕಿ ನಾನು. ನೀ ಬಾಗಲಾಗ ನಿಂತು ಹಲ್ಲು ಕಿಸ್ದು ನಗಾಕತ್ತಿದ್ದಿ."

ಇಬ್ಬರಲ್ಲಿ ಯಾರದು ಖರೆ? ಅವಳು ಆಗ ಎತ್ತರದ ಹುಡುಗಿ, ಅದಂತೂ ನಿಜ. ಆದರೆ ಪಿನ್ನಿನ ತುದಿ ಗಾಜಿಗೆ ತಾಕಿದ ಕಿರ್ ಸದ್ದು ನನ್ನ ಹಲ್ಲಿನಲ್ಲಿ ಈಗಲೂ ಇದೆ. ಬಾಗಿಲಲ್ಲಿ ನಿಂತು ಕೇಳಿದ ಸದ್ದೇ ಅದು? ಆ ಗಾಜನ್ನು ಕೆರೆಯಲು ಮನಸ್ಸಾಗಲಿಲ್ಲ. ಕೆರೆಯದ ಕಿಟಕಿ ಗಾಜಿನ ಮನೆಗೆ ಬೇಡ ಎಂದು ಅದನ್ನು ಗೋಡೆಗೆ ಒರಗಿಸಿಟ್ಟು, ಅದರ ಜಾಗದಲ್ಲಿ ಹೊಸ ಗಾಜಿನ ಚೌಕಟ್ಟು ಕೂಡಿಸಿದೆ.

ಬಳ್ಳಿ ಚಿಗುರಿತು. ಇದನ್ನು ಹೇಳಲೇಬೇಕು, ಇಲ್ಲದಿದ್ದರೆ ನಾನು ಮೊದಲಿಂದಲೂ ಮೂರ್ಖಳಾಗಿದ್ದಂತೆ ಕಾಣುತ್ತದೆ. ಚಳಿಗಾಲದ ಉದ್ದಕ್ಕೂ ಮುಂಜಾನೆ ಗಾಜಿನ ಒಳಮೈಗೆ ನೀರಿನ ಹನಿ ಕೂರುತ್ತಿತ್ತು. ಒಳಗೆ ಕಾಲಿಟ್ಟರೆ ಒದ್ದೆ ಮಣ್ಣಿನ ವಾಸನೆ. ತುಂಡುಗಳಲ್ಲಿ ಬದುಕಿದ್ದು ಒಂದೇ. ಆದರೆ ಆ ಒಂದು ಸಂಕ್ರಮಣದ ಹೊತ್ತಿಗೆ ಮೊಳದುದ್ದ ಏರಿ ಸಣ್ಣ ಎಲೆ ಬಿಟ್ಟಿತು. ಒಂದು ಎಲೆಯನ್ನೂ ಕೀಳಲಿಲ್ಲ. ರುಚಿ ನೋಡಬೇಕೆಂಬ ಆಸೆಯನ್ನು ಯುಗಾದಿಗೆ ಎತ್ತಿಟ್ಟೆ.

ಅಷ್ಟರಲ್ಲಿ ನೆಲ ಬಿರಿಯತೊಡಗಿತ್ತು. ಒಂದು ಮೂಲೆಯ ಫರಸಿ ಕುಸಿದು ಇಡೀ ಖೋಲಿ ಓಣಿಯ ತುದಿಯ ಮಸೀದಿಯ ಕಡೆ ವಾಲಿತು. ಕಿಟಕಿಗಳು ಚೌಕಟ್ಟಿನಲ್ಲಿ ಕಚ್ಚಿಕೊಂಡವು. ಒಂದು ಗಾಜು ನಾನು ಊಟ ಮಾಡುತ್ತಿರುವಾಗ ಯಾರೂ ಮುಟ್ಟದೆ ಟಪ್ಪೆಂದು ಸೀಳಿತು. ಬಡಿಗನನ್ನು ಕರೆದರೆ ಅವನು ಖಜೂರಿಯಲ್ಲಿ ದೊಡ್ಡ ಕೆಲಸ ಹಿಡಿದಿದ್ದ, ಇವತ್ತು ಬರ್ತೇನಿ ನಾಳೆ ಬರ್ತೇನಿ ಎನ್ನುತ್ತಲೇ ಇದ್ದ. ನಾನು ಬಿಜಾಗರಿಗೆ ಎಣ್ಣೆ ಬಿಟ್ಟೆ, ಒದ್ದೆ, ಬೈದೆ. ಬಾಗಿಲು ಮಾತ್ರ ಹೇಗೋ ತೆರೆಯುತ್ತಿತ್ತು.

ರಂಜಾನ್ ತಿಂಗಳು ಬಂತು. ಆಪಾ ಒಂದು ಮುಂಜಾನೆ ಗೋಡೆಯಿಂದ ಇಣುಕಿದರು. "ಬೆಹನ್, ನಿಮ್ಮ ಕಾಚಿನ ಮಹಲ್‌ದಾಗ ನಮ್ಮ ಶಾವಿಗಿ ಒಣ ಹಾಕ್ಲೇನು? ಹೊರಗ ಧೂಳು, ಕಾಗಿ."

ಇಲ್ಲವೆನ್ನಲು ಬಾಯಿ ಬರಲಿಲ್ಲ. ಸಲಾಕಿಯಿಂದ ಸಲಾಕಿಗೆ ಕೋಲು ಕಟ್ಟಿ ಅವರು ಶಾವಿಗೆ ನೇತುಹಾಕಿದರು. ಸಂಜೆಗೆ ಬಂದು ಮುಟ್ಟಿ ನೋಡಿ ಬೆರಗಾದರು. "ಯಾ ಅಲ್ಲಾ! ಎರಡ ದಿನದ್ದು ಒಂದ ದಿನದಾಗ! ಮಸ್ತ್ ಕಟ್ಟೀರಿ ಬೆಹನ್." ಮರುದಿನ ಓಣಿಯ ಇನ್ನೊಂದು ಮನೆಯ ಹಪ್ಪಳ ಬಂತು, ಆಮೇಲೆ ಸಂಡಿಗೆ. ನನ್ನ ಬಳ್ಳಿ ಮೂಲೆಯಲ್ಲಿ ನಿಂತಿತ್ತು. ಒಂದು ದಿನದಲ್ಲಿ ಶಾವಿಗೆ ಗರಿಗರಿಯಾಗುವ ಜಾಗದಲ್ಲಿ ಒಂದು ಎಲೆಗೆ ಏನಾಗುತ್ತಿರಬಹುದು ಎಂದು ನಾನು ಯೋಚಿಸಬೇಕಿತ್ತು. ಆದರೆ ಒಣಗಿಸುವ ಖೋಲಿ ಎಂದು ಅವರು ಹೊಗಳಿದ್ದಕ್ಕೆ ಸಿಟ್ಟು ಮಾಡಿಕೊಳ್ಳುವುದರಲ್ಲೇ ಮುಳುಗಿದ್ದೆ.

ಶಿವರಾತ್ರಿ ಕಳೆದಿತ್ತು, ಬಿಸಿಲು ನಮ್ಮ ಬಿಸಿಲಾಯಿತು. ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದು ನೋಡಿದರೆ ಎಲೆಗಳು ಅಂಚಿನಿಂದ ಕಂದಾಗಿ ಒಳಕ್ಕೆ ಸುರುಳಿ ಸುತ್ತಿದ್ದವು. ಕಿಟಕಿ ತೆಗೆಯಲು ಹೋದರೆ ಒಂದೂ ಅಲುಗಲಿಲ್ಲ. ಗಂಡ ಹಾರೆ ತಂದು ಮೀಟಿದರು. ಕಿಟಕಿ ತೆರೆಯಲಿಲ್ಲ, ಗಾಜು ಒಡೆಯಿತು. ಕೊನೆಗೆ ಇಬ್ಬರೂ ಕೂಡಿ ಒಳಗೆ ಒದ್ದೆ ಚಾದರ ಕಟ್ಟಿದೆವು, ಸುಣ್ಣ ಕಲಸಿ ಗಾಜಿಗೆ ಹೊರಗಿನಿಂದ ಬಳಿದೆವು. ದೀಪಾವಳಿಯಲ್ಲಿ ಬಣ್ಣ ಕೆರೆದದ್ದೂ ಇದೇ ಕೈ. ಗಂಡ ಏನೂ ಚೇಷ್ಟೆ ಮಾಡಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು. ಬಳ್ಳಿ ಒಣಗಿತು. ಗಿಣ್ಣು ಗಿಣ್ಣನ್ನೂ ಉಗುರಿನಿಂದ ಚುಚ್ಚಿ ನೋಡಿದೆ, ಹಸಿ ಎಲ್ಲೂ ಇರಲಿಲ್ಲ.

ಈದ್ ಹಬ್ಬದ ದಿನ ಅಕ್ಕ ಕರಜಗಿಯಿಂದ ಬಂದಳು. ಚಪ್ಪಲಿ ಬಿಟ್ಟವಳೇ ಹಿತ್ತಲಿಗೆ ಹೋಗಿ, ವಾಲಿದ ಖೋಲಿಯ ಸುತ್ತ ಒಂದು ಸುತ್ತು ಹಾಕಿದಳು.

"ಇದರಾಗ ಯಾಕ ಹಚ್ಚಿದಿ ಬೇ?"

"ಅವ್ವಂದೂ ಗಾಜಿನ ಹಿಂದೇ ಇತ್ತಲ್ಲ. ಬಚ್ಚಲದಾಗ. ಹಸಿರು ಬೆಳಕು, ಹಬೆ..."

ಅಕ್ಕ ನನ್ನ ಮುಖವನ್ನೇ ನೋಡಿದಳು. "ಗಾಜಿನ ಹಿಂದ ಇದ್ದಾಕಿ ನೀನು. ನೀ ಒಳಗ ಜಳಕ ಮಾಡ್ತಿದ್ದಿ. ಬಳ್ಳಿ ಹೊರಗಿತ್ತು, ಬಡಗಣ ಗ್ವಾಡಿಗಿ, ನೆರಳಾಗ. ಅದಕ್ಕ ಬಿಸಲು ಎಂದೂ ಬಿದ್ದಿಲ್ಲ."

ನಾನು ವಾದ ಮಾಡಿದೆ. ಎಲೆಗಳು ನನ್ನ ಕಣ್ಣೆದುರು ಇದ್ದವು ಎಂದೆ. ಇದ್ದವು, ಬಣ್ಣ ಹಚ್ಚಿದ ಗಾಜಿನ ಆಚೆ, ನೆರಳಿನಂತೆ ಎಂದಳು ಅವಳು. ತೂತಿನ ವಿಷಯದಲ್ಲಿ ಅವಳನ್ನು ಪೂರ್ತಿ ನಂಬಿರಲಿಲ್ಲ; ಇದರಲ್ಲೂ ನಂಬದಿರಲು ಒಂದು ದಾರಿ ಹುಡುಕಿದೆ. ಸಿಗಲಿಲ್ಲ. ಬಚ್ಚಲ ನೀರು ಹೊರಗೆ ಹರಿಯುತ್ತಿತ್ತು. ಅದನ್ನು ಕುಡಿದ ಬಳ್ಳಿ ಒಳಗಿರಲು ಹೇಗೆ ಸಾಧ್ಯ? ಇದಕ್ಕೆ ಸಾಕ್ಷಿ ಬೇಕಿರಲಿಲ್ಲ, ಸ್ವಲ್ಪ ತಲೆ ಓಡಿಸಿದ್ದರೆ ಸಾಕಿತ್ತು. ಹಬೆ, ಹಸಿರು, ಗಾಜು, ಎಲೆ ಎಲ್ಲ ಇದ್ದದ್ದೇ. ಎಲ್ಲವನ್ನೂ ನನ್ನ ಮಗ್ಗುಲಿಗೆ ಎಳೆದುಕೊಂಡದ್ದು ನಾನು.

ಮಧ್ಯಾಹ್ನ ಆಪಾ ಗೋಡೆಯ ಮೇಲಿಂದ ತಟ್ಟೆ ಕೊಟ್ಟರು. ಬಟ್ಟಲು ತುಂಬ ಶೀರ್‌ಖುರ್ಮಾ, ನಮ್ಮ ಖೋಲಿಯಲ್ಲಿ ಒಣಗಿದ ಶಾವಿಗೆಯದೇ. ಪಕ್ಕದಲ್ಲಿ, ಅಕ್ಕನಿಗೆ ಊಟದ ಮೇಲೆ ಎಲೆ ಬೇಕೆಂದು ಗೊತ್ತಿದ್ದರಿಂದ, ನಾಲ್ಕಾರು ಎಲೆ. ಉಂಡು ಅಕ್ಕ ಒಂದಕ್ಕೆ ಸುಣ್ಣ ಸವರಿ ಬಾಯಿಗಿಟ್ಟಳು. ಅಗಿಯುವುದನ್ನು ನಿಲ್ಲಿಸಿದಳು.

"ಇದು ಅವ್ವನ ಎಲಿ."

ನಾನೂ ಒಂದು ತಿಂದೆ. ಖಾರ, ಆಮೇಲೆ ತಂಪು. ಅಥವಾ ಅಕ್ಕ ಹೇಳಿದ್ದರಿಂದ ಹಾಗನಿಸಿತೋ. ನನ್ನ ನಾಲಿಗೆಯನ್ನು ನಂಬುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕಲ್ಲು ಏರಿ ಗೋಡೆಯಾಚೆ ನೋಡಿದೆ. ಆಪಾರ ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ಬಡಗಣ ಗೋಡೆಯ ನೆರಳಿನಲ್ಲಿ, ಸಾಬೂನಿನ ನೀರು ಹರಿದು ಹೋಗುವ ಕಡೆ, ಎದೆಯೆತ್ತರ ಎಲೆಬಳ್ಳಿ.

"ಆಪಾ, ಇದು ಎಲ್ಲಿಂದ ಬಂತು?"

"ಬೆಕ್ಕು ತಂದು ಹಾಕ್ತು ಬೆಹನ್," ಎಂದರು ಆಪಾ, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ನನಗೆ ನಿಜವಾಗಿಯೂ ರೇಗಿತು. ನನ್ನ ಬಳ್ಳಿ ಸಾಯುವುದನ್ನು ಈಕೆ ದಿನಾ ಗೋಡೆಯ ಮೇಲಿಂದ ನೋಡಿದ್ದಾರೆ. ಒದ್ದೆ ಚಾದರ ಕಟ್ಟಲು ಹಗ್ಗ ಕೊಟ್ಟವರೂ ಅವರೇ. "ನಂದು ಒಣಗಾಕತ್ತಿತ್ತು, ನೀವು ಒಂದ್ ಮಾತು ಹೇಳಬಾರ್ದಿತ್ತೇನ್ರಿ?"

"ಹೇಳಿದ್ರ ಕದ್ದಂಗ ಹ್ಯಾಂಗ ಆಗ್ತದ? ನಂದೂ ಒಣಗ್ತಿತ್ತು. ಆಮ್ಯಾಲ ಎರಡೂ ಇಲ್ಲ." ಅವರ ದನಿ ತಗ್ಗಿತು. "ನಿಮಗ ಅಷ್ಟು ದೊಡ್ಡ ಕಾಚಿನ ಮಹಲ್ ಅದ. ನಿಮ್ಮದು ಸಾಯ್ತದಂತ ನಂಗೇನ್ ಗೊತ್ತು ಬೆಹನ್. ಸತ್ತ ಮ್ಯಾಲ ಹೇಳಾಕ ಬಾಯಿ ಬರ್ಲಿಲ್ಲ."

"ಹಂಗಾದ್ರ ನಂಗೊಂದು ತುಂಡು..." ಎಂದು ಶುರುಮಾಡುವಷ್ಟರಲ್ಲಿ ಅಕ್ಕ ಹಿಂದಿನಿಂದ ನನ್ನ ಮೀನಖಂಡವನ್ನು ಚಿವುಟಿದಳು, ಕಲ್ಲಿನಿಂದ ಬೀಳುವಷ್ಟು ಜೋರಾಗಿ. ಬಾಯಿ ಮುಚ್ಚಿಕೊಂಡೆ. ಆಪಾ ಕೇಳಿಸದವರಂತೆ ಆಕಾಶ ನೋಡಿದರು.

"ನಾ ಒಳಗ ನಮಾಜಿಗೆ ಹೋಗ್ತೇನಿ. ಹಿತ್ತಲ ಬಾಗಲದ ಚಿಲಕ ಕೆಟ್ಟದ, ಹಾಕಾಕ ಬರಂಗಿಲ್ಲ," ಎಂದು ಗಾಳಿಗೆ ಹೇಳಿದಂತೆ ಹೇಳಿ ಒಳಗೆ ಹೋದರು.

ಇನ್ನೊಂದು ಸಲ ಯೋಚಿಸಿದ್ದರೆ ಹೋಗುತ್ತಿರಲಿಲ್ಲ. ಇಷ್ಟು ಓದಿ, ಬಿಳಿಯಾದ ಕೂದಲಿಟ್ಟುಕೊಂಡು, ಹಬ್ಬದ ದಿನ ನೆರೆಮನೆಯ ಹಿತ್ತಲಿಗೆ ನುಗ್ಗಿ, ಬಗ್ಗಿ, ಒಂದು ತುಂಡು ಕೊಯ್ದು ಸೆರಗಿನಲ್ಲಿ ಕಟ್ಟಿಕೊಂಡೆ. ಅಕ್ಕ ಬಾಗಿಲಲ್ಲಿ ನಿಂತು ಹಲ್ಲು ಕಿಸಿದು ನಗುತ್ತಿದ್ದಳು.

ನಮ್ಮ ಬಚ್ಚಲಮನೆಯ ಬಡಗಣ ಗೋಡೆಗೆ, ಹೊರಗೆ, ನೀರು ಹೋಗುವ ಕಡೆ ಅದನ್ನು ಊರಿದೆವು. ಅಲ್ಲಿಗೂ ಸಂಜೆಯ ಹೊತ್ತು ಓರೆಯಾಗಿ ಸ್ವಲ್ಪ ಬಿಸಿಲು ಬೀಳುತ್ತದೆ. ಕೆರೆಯದೆ ಉಳಿದಿದ್ದ ಹಸಿರು ಕಿಟಕಿಯನ್ನು ತಂದು ಆ ಬಿಸಿಲಿಗೆ ಅಡ್ಡ ಒರಗಿಸಿದೆ. ಇಡೀ ಟೆಂಪೋದಲ್ಲಿ ಬಂದ ಕಿಟಕಿಗಳಲ್ಲಿ ಬಳ್ಳಿಗೆ ಬೇಕಾದದ್ದು ಇದೊಂದೇ. ಉಳಿದವು ಇನ್ನೂ ಅಲ್ಲೇ ವಾಲಿಕೊಂಡು ನಿಂತಿವೆ, ಒಳಗೆ ಯಾರದೋ ಮೆಣಸಿನಕಾಯಿ.

ಬೇರು ಹಿಡಿದಿದೆಯೋ ಇಲ್ಲವೋ ನನಗಿನ್ನೂ ಗೊತ್ತಿಲ್ಲ. ಕಿತ್ತು ನೋಡಬೇಕೆನಿಸಿ ದಿನಾ ಕೈ ತುರಿಸುತ್ತದೆ. ನಿನ್ನೆ ಅಲ್ಲಿ ಬಗ್ಗಿ ನಿಂತಿದ್ದಾಗ ಆಪಾ ಇಣುಕಿದರು.

"ಬೆಹನ್, ನಮ್ಮ ಬಳ್ಳಿ ಯಾರೋ ಕೊಯ್ದಾರ ನೋಡ್ರಿ. ಓಣ್ಯಾಗ ಕಳ್ಳರು ಭಾಳ ಆಗ್ಯಾರ."

"ಹೌದ್ರಿ ಆಪಾ," ಎಂದೆ, ಸೆರಗಿನಿಂದ ಕೈಯ ಕೆಸರು ಒರೆಸಿಕೊಳ್ಳುತ್ತ. "ಭಾಳ ಆಗ್ಯಾರ."